ಒತ್ತಕ್ಷರಕ್ಕೆ ಒಪ್ಪುವ ಪೆನ್ನು

ಕಳೆದ ಒಂದು ತಿಂಗಳಲ್ಲಿ ನೀವು ಪೆನ್ನು ಹಿಡಿದು ಕನ್ನಡದಲ್ಲಿ ಒಂದು ಪೂರ್ತಿ ಪುಟ ಬರೆದಿದ್ದೀರಾ? ಈಚೆಗೆ ಇಲ್ಲಿನ ಕನ್ನಡ ಗೆಳೆಯರ ನಡುವೆ ಈ ಪ್ರಶ್ನೆ ಕೇಳಿದಾಗ ಹೆಚ್ಚಿನವರು ನಕ್ಕುಬಿಟ್ಟರು. ಒಬ್ಬರು ಮಾತ್ರ ಹೌದು ಎಂದರು. ಅವರು ದಿನವೂ ರಾಮನಾಮ ಬರೆಯುವವರು. ಉಳಿದ ನಮ್ಮೆಲ್ಲರ ಕನ್ನಡ ಬಾಯಲ್ಲಿದೆ, ಕಿವಿಯಲ್ಲಿದೆ, ಮೊಬೈಲಿನಲ್ಲಿದೆ. ಬ್ಯಾಂಕಿನ ಫಾರಂ, ಮಕ್ಕಳ ಶಾಲೆಯ ಡೈರಿ, ಆಫೀಸಿನ ವೈಟ್‌ಬೋರ್ಡು, ಎಲ್ಲದಕ್ಕೂ ಇಂಗ್ಲಿಷೇ ಸಾಕು. ಊರು ಬಿಟ್ಟವರ ಕೈಯಿಂದ ಕನ್ನಡ ಜಾರುವುದು ಹೀಗೆ, ಯಾರಿಗೂ ಗೊತ್ತಾಗದ ಹಾಗೆ.

ನನ್ನ ಪೆನ್ನು, ಕಾಗದಗಳ ಹುಚ್ಚಿನ ಬಗ್ಗೆ ಈ ಅಂಕಣದಲ್ಲಿ ಆಗಾಗ ಬರೆದಿದ್ದೇನೆ. ಅದನ್ನು ಓದಿದ ಓದುಗರೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕಳಿಸಿದ್ದಾರೆ. ಪೆನ್ನು, ನೋಟ್‌ಬುಕ್ಕುಗಳ ವಿಮರ್ಶೆ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿದೆ, ಆದರೆ ಎಲ್ಲವೂ ಇಂಗ್ಲಿಷ್ ಬರೆಯುವ ಕೈಗೆ. ಕನ್ನಡ ಬರೆಯಲು ಯಾವ ಪೆನ್ನು, ಯಾವ ಪುಸ್ತಕ ತಗೊಳ್ಳಲಿ ಎಂದು. ಇವತ್ತಿನ ಅಂಕಣ ಅದಕ್ಕೇ ಮೀಸಲು.

ಮೂರು ಮಹಡಿಯ ಅಕ್ಷರ

ಇಂಗ್ಲಿಷಿನ ಅಕ್ಷರಗಳು ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ಕೆಲವು ಮಾತ್ರ ಕಾಲು ಕೆಳಗೆ ಚಾಚುತ್ತವೆ. ನಮ್ಮದು ಮೂರು ಮಹಡಿಯ ಮನೆ. ನಡುವೆ ಮೂಲ ಅಕ್ಷರ, ಮೇಲೆ ತಲೆಕಟ್ಟು, ಗುಡಿಸು, ಏತ್ವ, ಕೆಳಗೆ ಒತ್ತು. ‘ರಾಷ್ಟ್ರ’ ಬರೆದು ನೋಡಿ. ಷಕಾರದ ಕೆಳಗೆ ಟ, ಅದರ ಜೊತೆಗೆ ರ. ‘ಸ್ವಾತಂತ್ರ್ಯ’ದಲ್ಲಿ ತಕಾರಕ್ಕೆ ರ, ಯ ಎರಡೂ ಅಂಟಿಕೊಳ್ಳಬೇಕು. ಗೆರೆಗಳ ನಡುವೆ ಜಾಗ ಕಡಿಮೆಯಿದ್ದರೆ ಈ ಸಾಲಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಆದ್ದರಿಂದ ಮೊದಲ ಸಲಹೆ ಪೆನ್ನಿನ ಬಗ್ಗೆ ಅಲ್ಲ, ಗೆರೆಯ ಬಗ್ಗೆ. ವಿದೇಶದ ಚೆಂದದ ನೋಟ್‌ಬುಕ್ಕುಗಳಲ್ಲಿ ಗೆರೆಗಳ ಅಂತರ ಆರು ಅಥವಾ ಏಳು ಮಿಲಿಮೀಟರ್ ಇರುವುದೇ ಹೆಚ್ಚು. ಇಂಗ್ಲಿಷಿಗೆ ಅದು ಧಾರಾಳ. ಕನ್ನಡಕ್ಕೆ ಉಸಿರು ಕಟ್ಟುತ್ತದೆ. ಎಂಟು ಮಿಲಿಮೀಟರ್ ಇದ್ದರೆ ಆರಾಮ. ಈಗ ಫ್ಯಾಷನ್ ಆಗಿರುವ ಐದು ಮಿಲಿಮೀಟರಿನ ಚುಕ್ಕಿ ಪುಸ್ತಕ ಇಷ್ಟವಾದರೆ ಎರಡು ಚುಕ್ಕಿ ಸಾಲಿಗೆ ಒಂದರಂತೆ ಬರೆಯಿರಿ. ಪುಟ ಬೇಗ ಮುಗಿಯುತ್ತದೆ, ಆದರೆ ಬರೆದದ್ದು ಆರು ತಿಂಗಳ ಮೇಲೆ ನಿಮಗೇ ಓದಲು ಬರುತ್ತದೆ.

ಎರಡನೆಯದು ನಿಬ್ಬು. ನಮ್ಮ ಅಕ್ಷರದ ಅರ್ಥ ಬಹಳ ಕಡೆ ಒಂದು ಸಣ್ಣ ಸೀಳಿನ ಮೇಲೆ ನಿಂತಿದೆ. ದ–ಧ, ಪ–ಫ, ಡ–ಢ, ಬ–ಭ ಇವುಗಳ ನಡುವಿನ ವ್ಯತ್ಯಾಸ ಅಡಿಯಲ್ಲಿರುವ ಆ ಚಿಕ್ಕ ಗೆರೆ. ಥಕಾರದ ಹೊಟ್ಟೆಯೊಳಗೆ ಒಂದು ಚುಕ್ಕಿ. ಣ, ಷ, ಕ್ಷ ಇವುಗಳ ಒಳಗೆಲ್ಲ ಸಣ್ಣ ಸಣ್ಣ ಕಿಂಡಿಗಳು. ದಪ್ಪ ನಿಬ್ಬಿನಲ್ಲಿ ಬರೆದರೆ ಆ ಕಿಂಡಿಗಳೆಲ್ಲ ಶಾಯಿ ತುಂಬಿ ಮುಚ್ಚಿಹೋಗುತ್ತವೆ. ಇಂಗ್ಲಿಷ್ ಸಹಿಗೆ ಗತ್ತು ಕೊಡುವ ಬ್ರಾಡ್ ನಿಬ್ಬು ಕನ್ನಡಕ್ಕೆ ಬಂದರೆ ‘ಧನ’ ‘ದನ’ ಆಗಿಬಿಡಬಹುದು. ಫೈನ್ ನಿಬ್ಬು ನಮಗೆ ಸರಿ. ಜಪಾನಿನ ಕಂಪನಿಗಳ ಫೈನ್, ಯುರೋಪಿನ ಫೈನ್‌ಗಿಂತ ಸಾಮಾನ್ಯವಾಗಿ ಒಂದು ಮೆಟ್ಟಿಲು ತೆಳು. ಒತ್ತೊತ್ತಾಗಿ ಗೆರೆಗಳಿರುವ ಲಿಪಿ ಬರೆಯುವವರು ಅವರು. ನಮ್ಮ ಕಷ್ಟ ಅವರಿಗೆ ಗೊತ್ತು.

ಬಾಲ್‌ಪೆನ್ನು ಯಾಕೆ ಬೇಡ ಎಂದು ಕೇಳಬಹುದು. ಅದರ ಶಾಯಿ ಎಣ್ಣೆಯಂತೆ ಗಟ್ಟಿ. ಗುಂಡು ಉರುಳಿ ಶಾಯಿ ಬರಬೇಕಾದರೆ ಒತ್ತಬೇಕು. ಅಂಚುಗಳೇ ಇಲ್ಲದ, ಸುತ್ತಿ ಸುತ್ತಿ ಬರೆಯುವ ಲಿಪಿಯಲ್ಲಿ ಉದ್ದಕ್ಕೂ ಒತ್ತುತ್ತ ಹೋದರೆ ಅರ್ಧ ಪುಟಕ್ಕೇ ಹೆಬ್ಬೆರಳು ನೋಯುತ್ತದೆ. ಇಂಕ್ ಪೆನ್ನಿನಲ್ಲಿ ನಿಬ್ಬಿನ ಸೀಳಿನ ಮೂಲಕ ಶಾಯಿ ತಾನಾಗಿ ಇಳಿಯುತ್ತದೆ. ಕಾಗದವನ್ನು ಮುಟ್ಟಿಸಿದರೆ ಸಾಕು, ಪೆನ್ನಿನ ತೂಕವೇ ಕೆಲಸ ಮಾಡುತ್ತದೆ. ತಾಳೆಗರಿಯಲ್ಲಿ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಲಿಪಿ ಗುಂಡಗಾಯಿತು ಎಂಬ ಮಾತು ಕೇಳಿಯೇ ಇರುತ್ತೀರಿ. ಹಾಗೆ ಗುಂಡಗಾದ ಅಕ್ಷರ ನಿಬ್ಬಿನಡಿ ಹರಿಯುವಾಗ ಕೈಗೆ ಸಿಗುವ ಸುಖ ಬೇರೆಯೇ. ಇಂಕ್ ಪೆನ್ನಿನ ಉಸಾಬರಿ ಬೇಡವೆನ್ನುವವರು 0.5ರ ಜೆಲ್ ಪೆನ್ನು ಹಿಡಿಯಲಿ, ನನ್ನ ತಕರಾರಿಲ್ಲ.

ಕಾಗದದ ಗುಟ್ಟು

ಒಳ್ಳೆಯ ಪೆನ್ನು ಕೊಂಡು ಕೆಟ್ಟ ಕಾಗದದಲ್ಲಿ ಬರೆಯುವವರೇ ನಮ್ಮಲ್ಲಿ ಜಾಸ್ತಿ. ಪ್ರಿಂಟರ್ ಕಾಗದದಲ್ಲಿ ಇಂಕ್ ಪೆನ್ನಿನಿಂದ ಬರೆದಾಗ ಗೆರೆಯ ಅಂಚಿನಲ್ಲಿ ಕೂದಲೆಳೆಯಂಥ ಬೇರುಗಳು ಹೊರಡುವುದನ್ನು ನೋಡಿರುತ್ತೀರಿ. ಹಿಂದಿನ ಪುಟಕ್ಕೂ ಒಸರುತ್ತದೆ. ಒಂದೇ ಒಂದು ಒತ್ತಕ್ಷರ ಕೊಳೆತ ಹೂವಿನ ಹಾಗೆ ಕಾಣುತ್ತದೆ. ಅಂಗಡಿಯವರು ಇದಕ್ಕೆ ಜಿಎಸ್ಎಂ ಜಾಸ್ತಿ ಇರುವುದು ತಗೊಳ್ಳಿ ಎನ್ನುತ್ತಾರೆ.

ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 80 ಜಿಎಸ್ಎಂನ ಒಂದು ಹಾಳೆ ಐದು ಗ್ರಾಂ, 500 ಹಾಳೆಯ ಕಟ್ಟು ಎರಡೂವರೆ ಕಿಲೋ. ಇದು ತೂಕದ ಲೆಕ್ಕ ಅಷ್ಟೆ, ಗುಣದ್ದಲ್ಲ. ಜಪಾನಿನ ಟೊಮೊಯೆ ರಿವರ್ ಎಂಬ ಕಾಗದ ಬರೀ 52 ಜಿಎಸ್ಎಂ. ಈರುಳ್ಳಿ ಸಿಪ್ಪೆಯಷ್ಟು ತೆಳು. ಅದರ ಮೇಲೆ ಶಾಯಿ ಒಂದಿಷ್ಟೂ ಹರಡುವುದಿಲ್ಲ. ಅದೇ 100 ಜಿಎಸ್ಎಂ ಇದ್ದೂ ಶಾಯಿ ಹೀರುವ ದಪ್ಪ ಕಾಗದಗಳೂ ಇವೆ.

ಗುಟ್ಟು ಇರುವುದು ಕಾಗದ ಮಾಡುವಾಗ ಬೆರೆಸುವ, ಮೇಲೆ ಬಳಿಯುವ ಅಂಟಿನಲ್ಲಿ. ಕಾಗದವೆಂದರೆ ನಾರಿನ ಜಾಲ. ಸುಮ್ಮನೆ ಬಿಟ್ಟರೆ ಅದು ಬ್ಲಾಟಿಂಗ್ ಪೇಪರು. ಪಿಷ್ಟ, ರಾಳ ಅಥವಾ ರಾಸಾಯನಿಕ ಅಂಟು ಸೇರಿಸಿದಾಗ ನಾರುಗಳ ನಡುವಿನ ದಾರಿ ಮುಚ್ಚಿ ಶಾಯಿ ಮೇಲೆಯೇ ನಿಂತು ಒಣಗುತ್ತದೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಆಫೀಸುಗಳಲ್ಲಿ ಫೈಲಿಗೆ ‘ಕಡತ’ ಎನ್ನುತ್ತೇವಲ್ಲ, ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಅಂಥವೇ. ಬಟ್ಟೆಯನ್ನು ಬರೆಯಲು ಯೋಗ್ಯವಾಗಿಸಿದ್ದು ಹುಣಸೆ ಬೀಜದ ಅಂಟು.

ಹಾಗಾದರೆ ಅಂಗಡಿಯಲ್ಲಿ ಕಂಡುಹಿಡಿಯುವುದು ಹೇಗೆ? ಜೇಬಿನಲ್ಲಿ ಶಾಯಿ ತುಂಬಿದ ಪೆನ್ನಿರಲಿ. ಕೇಳಿಕೊಂಡು ಕೊನೆಯ ಪುಟದ ಮೂಲೆಯಲ್ಲಿ ‘ಕೃಷ್ಣ’, ‘ರಾಷ್ಟ್ರ’, ‘ಧರ್ಮ’ ಎಂದು ಮೂರು ಪದ ಬರೆಯಿರಿ. ಹತ್ತು ಸೆಕೆಂಡು ಬಿಟ್ಟು ಬೆರಳಾಡಿಸಿ. ಪುಟ ತಿರುವಿ ನೋಡಿ. ಕಿಂಡಿಗಳು ತೆರೆದಿದ್ದು, ಹಿಂದೆ ಚುಕ್ಕಿ ಮೂಡದಿದ್ದರೆ ಆ ಪುಸ್ತಕ ನಿಮ್ಮದು. ಶಾಲೆಯ ಮಕ್ಕಳಿಗೆಂದು ಮಾಡಿದ ಕೆಲವು ಅಗ್ಗದ ನೋಟ್‌ಬುಕ್ಕುಗಳು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಚರ್ಮದ ರಟ್ಟಿನ ದುಬಾರಿ ಡೈರಿಗಳು ಫೇಲಾಗುತ್ತವೆ. ‘ಇಂಕ್ ಪೆನ್ನಿಗೆ ಸೂಕ್ತ’ ಎಂದು ದೊಡ್ಡದಾಗಿ ಅಚ್ಚಾದ ಒಂದು ಪುಸ್ತಕ ಆನ್‌ಲೈನಿನಲ್ಲಿ ತರಿಸಿದ್ದೆ. ಈಗ ಅದು ನಮ್ಮ ಮನೆಯ ದಿನಸಿ ಪಟ್ಟಿ, ಪೆನ್ಸಿಲಿನಲ್ಲಿ.

ಕಾಗದದ ವಿಷಯದಲ್ಲಿ ನಾವಿರುವ ಊರು, ಬಿಟ್ಟು ಬಂದ ಊರು ಎರಡೂ ಹೆಸರಾದವೇ. ತೆಲಂಗಾಣದಲ್ಲಿ ಕಾಗಜ್‌ನಗರ ಎಂಬ ಊರೇ ಇದೆ. ಅಲ್ಲಿನ ಸಿರ್ಪುರ್ ಪೇಪರ್ ಮಿಲ್ 2014ರಲ್ಲಿ ಮುಚ್ಚಿ, 2018ರಲ್ಲಿ ಜೆಕೆ ಪೇಪರ್ ಕೈಗೆ ಬಂದು ಮತ್ತೆ ಶುರುವಾಯಿತು. ನಮ್ಮ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಹುಟ್ಟಿದ್ದು 1936ರಲ್ಲಿ. ಅದಕ್ಕೆ ಅಂಥ ಅದೃಷ್ಟ ಇನ್ನೂ ಬಂದಿಲ್ಲ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಿಂದ ಇದೆ. ಹುಬ್ಬಳ್ಳಿ ಪಕ್ಕದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚೂರುಗಳಿಂದ ಕೈಯಲ್ಲೇ ಮಾಡುವ ಕಾಗದವನ್ನು ‘ಖಾದಿ ಪೇಪರ್ಸ್’ ಹೆಸರಿನಲ್ಲಿ ಜಗತ್ತಿನ ಜಲವರ್ಣ ಕಲಾವಿದರು ಕೊಳ್ಳುತ್ತಾರೆ. ಬನಿಯನ್, ಟಿ-ಶರ್ಟು ಹೊಲಿದು ಉಳಿದ ತುಂಡು ಚಿತ್ರದ ಹಾಳೆಯಾಗುತ್ತದೆ. ಮೈ ಒರಟು, ದಿನಬಳಕೆಗೆ ದುಬಾರಿ. ಆದರೆ ಮದುವೆಗೋ ಹುಟ್ಟುಹಬ್ಬಕ್ಕೋ ಒಂದೇ ಪುಟದ ಪತ್ರ ಬರೆಯುವುದಿದ್ದರೆ ಇದನ್ನು ಮೀರಿದ ಕಾಗದವಿಲ್ಲ.

ಅಬಿಡ್ಸಿಗೆ ಒಂದು ಶನಿವಾರ

ಪಟಾನ್‌ಚೆರುವಿನಲ್ಲಿ ಕಾರ್ಖಾನೆ ಇದೆ, ಇಕ್ರಿಸ್ಯಾಟ್ ಇದೆ, ಹೊರವರ್ತುಲ ರಸ್ತೆ ಇದೆ. ಒಳ್ಳೆಯ ಪೆನ್ನಿನಂಗಡಿ ಇಲ್ಲ. ಮಿಯಾಪುರದವರೆಗೆ ಬಸ್ಸು, ಅಲ್ಲಿಂದ ಕೆಂಪು ಲೈನಿನ ಮೆಟ್ರೊ ಹತ್ತಿ ನಾಂಪಲ್ಲಿಯಲ್ಲಿ ಇಳಿದರೆ ಅಬಿಡ್ಸ್ ನಡೆದು ಹೋಗುವಷ್ಟೇ ದೂರ. ಅಬಿಡ್ಸಿನ ಫುಟ್‌ಪಾತ್ ಪುಸ್ತಕದ ಸಂತೆ ಭಾನುವಾರ. ಪೆನ್ನಿಗೆ ಹೋಗುವುದಾದರೆ ಶನಿವಾರವೇ ಒಳ್ಳೆಯದು.

ಅಲ್ಲಿನ ಡೆಕ್ಕನ್ ಪೆನ್ ಸ್ಟೋರ್ಸ್ 1928ರಿಂದ ಇದೆ. ನಿಜಾಮರ ಕಾಲದಲ್ಲಿ ಶುರುವಾದ ಅಂಗಡಿ ಈಗಲೂ ಪೆನ್ನನ್ನೇ ಮಾರುತ್ತದೆ. ನೋಡಲೇಬೇಕಾದ್ದು ಎಬೊನೈಟ್ ಪೆನ್ನುಗಳು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಕೊಂಬಿನಷ್ಟು ಗಟ್ಟಿಯಾಗುತ್ತದೆ, ಅದೇ ಎಬೊನೈಟ್. ಅದರ ಕೋಲನ್ನು ಲೇತಿನಲ್ಲಿ ತಿರುವಿ ಪೆನ್ನು ಮಾಡುತ್ತಾರೆ. ಪ್ಲಾಸ್ಟಿಕ್ಕಿಗಿಂತ ಬೆಚ್ಚಗೆ, ಲೋಹಕ್ಕಿಂತ ಹಗುರ, ಕೈ ಬೆವರಿದರೂ ಜಾರುವುದಿಲ್ಲ, ಮೂಗಿಗೆ ಹಿಡಿದರೆ ಗಂಧಕದ ಸಣ್ಣ ವಾಸನೆ. ಇಂಥ ಪೆನ್ನಿಗೆ ತೆಲುಗು ನಾಡಿನಲ್ಲಿ ದೊಡ್ಡ ಪರಂಪರೆ ಇದೆ. ರಾಜಮಂಡ್ರಿಯ ಕೆ.ವಿ. ರತ್ನಂ ಅವರು ಮಾಡಿದ ಸ್ವದೇಶಿ ಪೆನ್ನು ಜೆ.ಸಿ. ಕುಮಾರಪ್ಪನವರ ಮೂಲಕ ಗಾಂಧೀಜಿಗೆ ತಲುಪಿತು. 1935ರಲ್ಲಿ ಗಾಂಧೀಜಿ ಅವರಿಗೆ ಧನ್ಯವಾದದ ಪತ್ರ ಬರೆದರು.

ಈ ಪೆನ್ನುಗಳಲ್ಲಿ ಹೆಚ್ಚಿನವು ಡ್ರಾಪರಿನಲ್ಲಿ ನೇರವಾಗಿ ಹೊಟ್ಟೆಗೇ ಶಾಯಿ ತುಂಬುವಂಥವು. ಒಮ್ಮೆ ತುಂಬಿದರೆ ವಾರಗಟ್ಟಲೆ ಬರುತ್ತದೆ. ಹೈದರಾಬಾದಿನ ಮೇ ತಿಂಗಳಿಗೆ ಒಂದು ಎಚ್ಚರಿಕೆ: ಶಾಯಿ ಕಾಲು ಭಾಗಕ್ಕೆ ಇಳಿದ ಮೇಲೆ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ಪುಟದ ಮೇಲೆ ದೊಡ್ಡ ಹನಿ ಬೀಳಿಸುತ್ತದೆ. ಅರ್ಧವಾಗುತ್ತಲೇ ತುಂಬಿಸಿಬಿಡಿ. ಎಬೊನೈಟ್ ಬೇಡವೆನ್ನುವವರಿಗೆ ಕ್ಯಾಮ್ಲಿನ್ ಸಾಕು. ಶುರು ಮಾಡಲು ಊಟದ ಖರ್ಚಿಗಿಂತ ಹೆಚ್ಚಿನ ಹಣ ಬೇಕಿಲ್ಲ.

ಶಾಯಿ ಮತ್ತು ಇಪ್ಪತ್ತಾರು ಡೈರಿ

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಊರಿನ ಮನೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ಅವರ ಇಪ್ಪತ್ತಾರು ಡೈರಿಗಳು ಸಿಕ್ಕವು. ಹಾಲಿನ ಲೆಕ್ಕ, ಮಳೆ ಬಂದ ದಿನ, ಮನೆಗೆ ಬಂದವರ ಹೆಸರು, ಬಾವಿಯ ನೀರು ಎಷ್ಟು ಮೆಟ್ಟಿಲಿಗೆ ಇಳಿಯಿತು, ಇಂಥವೇ. ನಾನು ಕೆಲಸಕ್ಕೆಂದು ಹೈದರಾಬಾದಿಗೆ ಹೊರಟ ದಿನದ ಪುಟದಲ್ಲಿ ಬಸ್ಸಿನ ಟಿಕೆಟ್ಟಿನ ದರ ಬರೆದು, ಅದರ ಕೆಳಗೆ ‘ಮನೆ ದೊಡ್ಡದು ಅನಿಸಿತು’ ಎಂದಿದ್ದಾರೆ. ಅಪ್ಪ ಈ ಮಾತನ್ನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

ಆ ಡೈರಿಗಳಲ್ಲಿ ಶಾಯಿಯ ಪಾಠವೂ ಇದೆ. ತೊಳೆದರೆ ಹೋಗುವ ರಾಯಲ್ ಬ್ಲೂನಲ್ಲಿ ಬರೆದ ವರ್ಷಗಳು ಮಾಸಿ ಆಕಾಶದ ಬಣ್ಣಕ್ಕೆ ಬಂದಿವೆ. ಒಮ್ಮೆ ಮಳೆನೀರು ತಾಗಿದ ಪುಟಗಳಲ್ಲಿ ಅಕ್ಷರವೇ ಇಲ್ಲ. ಕಪ್ಪು ಶಾಯಿಯ ವರ್ಷಗಳು ನಿನ್ನೆ ಬರೆದ ಹಾಗಿವೆ. ಅದಕ್ಕೇ ನಾನು ಎರಡು ಪೆನ್ನು ಇಟ್ಟುಕೊಂಡಿದ್ದೇನೆ. ದಿನದ ಟಿಪ್ಪಣಿ, ಮೀಟಿಂಗಿಗೆ ನಮ್ಮ ಬೆಂಗಳೂರಿನ ಬ್ರಿಲ್, ಇಲ್ಲವೇ ಬಂಗಾಳದ ಸುಲೇಖಾ. 1934ರಲ್ಲಿ ಸ್ವದೇಶಿ ಚಳವಳಿಯ ಹುರುಪಿನಲ್ಲಿ ಹುಟ್ಟಿ, ನಡುವೆ ಮುಚ್ಚಿ, ಮತ್ತೆ ಎದ್ದ ಶಾಯಿ ಅದು. ಉಳಿಯಬೇಕಾದ ಬರಹಕ್ಕೆ ಕಾರ್ಬನ್ ಕಪ್ಪು. ಪ್ಲಾಟಿನಂ ಕಂಪನಿಯದು ಚೆನ್ನಾಗಿದೆ, ನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಆ ಪೆನ್ನನ್ನು ಒಣಗಲು ಬಿಡಬಾರದು, ತಿಂಗಳಿಗೊಮ್ಮೆ ನೀರಿನಲ್ಲಿ ತೊಳೆಯಬೇಕು. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಮಾತ್ರ ಯಾವ ಕಾರಣಕ್ಕೂ ಪೆನ್ನಿಗೆ ಹಾಕಬೇಡಿ. ಅದರಲ್ಲಿರುವ ಅರಗು ಒಳಗೆ ಗಟ್ಟಿಯಾದರೆ ಪೆನ್ನು ಕೈಬಿಟ್ಟ ಹಾಗೆಯೇ.

ಎರಡು ತಲೆಕಟ್ಟು

ಈಗ ಆ ಡೈರಿಗಳನ್ನು ಓದುವುದು ನಮ್ಮ ಮನೆಯಲ್ಲಿ ನಾನೊಬ್ಬನ ಪಾಲಿಗೇ ಉಳಿಯಬಾರದೆಂಬ ಆಸೆ. ಒಂಬತ್ತು ವರ್ಷದ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಜೊತೆಗೆ ತೆಲುಗು. 2018ರ ಕಾಯ್ದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಅದು ನ್ಯಾಯವೇ, ನಾವು ಇರುವುದು ಅವರ ನೆಲದಲ್ಲಿ. ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆ ದೂರದ ಕಾಚಿಗುಡದಲ್ಲಿದೆ. ನಮ್ಮ ಪಾಲಿಗೆ ಕನ್ನಡದ ಪಾಠಶಾಲೆ ಎಂದರೆ ಊಟದ ಮೇಜು.

ತೆಲುಗು ಬಂದದ್ದು ಅನುಕೂಲವೇ ಆಯಿತು. ಎರಡೂ ಲಿಪಿ ಒಂದೇ ತಾಯಿಯ ಮಕ್ಕಳು, ಅಚ್ಚಾದ ಕನ್ನಡವನ್ನು ಅವಳು ಬೇಗ ಓದಿದಳು. ಬರೆಯುವಾಗ ಮಾತ್ರ ಕನ್ನಡದ ತಲೆಕಟ್ಟಿನ ಜಾಗದಲ್ಲಿ ತೆಲುಗಿನ ಟಿಕ್ ಗುರುತು ಬಂದು ಕೂರುತ್ತಿತ್ತು. ಅಜ್ಜನ ಡೈರಿ ಕೊಟ್ಟಾಗಲಂತೂ ಇದು ಯಾವ ಭಾಷೆ ಎಂದೇ ಕೇಳಿದಳು. ಅಚ್ಚಿನ ಅಕ್ಷರ ಬೇರೆ, ಓಡುವ ಕೈಯ ಅಕ್ಷರ ಬೇರೆ. ಅಜ್ಜನ ‘ಮ’ ಮತ್ತು ‘ಯ’ ಎರಡೂ ಒಂದೇ ಉಸಿರಿನಲ್ಲಿ ಹುಟ್ಟಿ ಒಂದೇ ಥರ ಕಾಣುತ್ತವೆ. ಕೈಬರಹ ಓದಲು ಬರಬೇಕಾದರೆ ಕೈ ಓಡಿಸಿಯೇ ಕಲಿಯಬೇಕು; ಯಾವ ಗೆರೆ ಎಲ್ಲಿ ಶುರುವಾಗಿ ಎಲ್ಲಿ ತಿರುಗುತ್ತದೆ ಎಂದು ಬೆರಳಿಗೆ ಗೊತ್ತಾದರೆ ಕಣ್ಣಿಗೂ ಗೊತ್ತಾಗುತ್ತದೆ.

ಕಾಪಿ ಬರಿ ಎಂದರೆ ಯಾವ ಮಗು ಬರೆಯುತ್ತದೆ? ಅಬಿಡ್ಸಿನಿಂದ ಅವಳಿಗೊಂದು ಸಣ್ಣ ಹಸಿರು ಪೆನ್ನು ಬಂತು, ನವಿಲು ಬಣ್ಣದ ಶಾಯಿಯೂ ಬಂತು. ಶಾಯಿ ತುಂಬುವ ಆಟಕ್ಕೆ ಕೂತವಳು ಅರ್ಧ ಪುಟ ಬರೆದೇ ಏಳುತ್ತಾಳೆ. ಈಗ ವಾರಕ್ಕೆ ಡೈರಿಯ ಒಂದು ಪುಟ ನಾವಿಬ್ಬರೂ ಸೇರಿ ಓದಿ ಅವಳ ಪುಸ್ತಕಕ್ಕೆ ಇಳಿಸುತ್ತೇವೆ. 1988ರ ಜೂನ್ ಮುಗಿದಿದೆ. ‘ಚಟಾಕು’ ಎಂದರೇನು, ‘ಬುತ್ತಿ’ ಎಂದರೇನು, ಅಜ್ಜ ಸಾಲ ಕೊಟ್ಟವರು ವಾಪಸ್ ಕೊಟ್ಟರೇ, ಪ್ರಶ್ನೆಗಳಿಗೆ ಕೊನೆಯಿಲ್ಲ. ನಾನು ಹೊರಟ ದಿನದ ಪುಟಕ್ಕೆ ಬರಲು ಈ ವೇಗದಲ್ಲಿ ಬಹಳ ವರ್ಷ ಬೇಕು. ಅಷ್ಟು ಹೊತ್ತಿಗೆ ಅವಳೇ ಊರು ಬಿಡುವ ವಯಸ್ಸಿಗೆ ಬಂದಿರುತ್ತಾಳೆ.

ಇದೇ ಮುಂಬಯಿ ಹೆದ್ದಾರಿ ಹಿಡಿದು ಜಹೀರಾಬಾದಿನಲ್ಲಿ ತಿರುಗಿದರೆ ಬೀದರ್ ಎರಡು-ಎರಡೂವರೆ ಗಂಟೆಯ ದಾರಿ. ಅಲ್ಲಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಪತ್ರ ಬರೆಯುವ ಕಲೆಯ ಮೇಲೇ ಒಂದು ಗ್ರಂಥ ಬರೆದವನು. 1481ರಲ್ಲಿ ಅವನ ತಲೆ ಹೋದದ್ದೂ ಒಂದು ಪತ್ರದಿಂದ: ವಿರೋಧಿಗಳು ಖಾಲಿ ಹಾಳೆಯ ಮೇಲೆ ಅವನ ಮುದ್ರೆ ಒತ್ತಿಸಿಕೊಂಡು, ಅದರಲ್ಲಿ ರಾಜದ್ರೋಹದ ಮಾತು ಬರೆದು ಸುಲ್ತಾನನಿಗೆ ತೋರಿಸಿದರು ಎನ್ನುತ್ತಾರೆ ಇತಿಹಾಸಕಾರರು. ಖಾಲಿ ಬಿಟ್ಟ ಹಾಳೆಯಲ್ಲಿ ನಮ್ಮ ಮಾತನ್ನು ನಾವೇ ಬರೆದಿಡುವುದು ಒಳ್ಳೆಯದು ಎಂದು ಆ ಕಥೆ ನೆನಪಾದಾಗಲೆಲ್ಲ ಅನಿಸುತ್ತದೆ.

ಕೊನೆಗೆ ನಿಮಗೊಂದು ಹೋಂವರ್ಕ್. ಈ ತಿಂಗಳು ಒಂದೇ ಒಂದು ಪುಟ ಬರೆಯಿರಿ. ಅಮ್ಮನ ಸಾರಿನ ಪುಡಿಯ ಅಳತೆ, ಮನೆತನದ ಮೂರು ತಲೆಮಾರಿನ ಹೆಸರು, ಊರಿನ ಮನೆಯಿಂದ ಶಾಲೆಗೆ ಹೋಗುವ ದಾರಿ, ಏನಾದರೂ ಸರಿ. ಅಗಲ ಗೆರೆ, ತೆಳು ನಿಬ್ಬು, ಕಪ್ಪು ಶಾಯಿ. ಮೇಲೆ ತಾರೀಖು ಮತ್ತು ಊರಿನ ಹೆಸರು ಮರೆಯಬೇಡಿ. ಪುಟದ ಫೋಟೊ ಸಂಪಾದಕರಿಗೆ ಕಳಿಸಿದರೆ ಸಂತೋಷ. ಕಳಿಸದಿದ್ದರೂ ಪುಟವನ್ನು ಮಾತ್ರ ಎಸೆಯಬೇಡಿ.

ಮುಂದಿನ ಸಂಚಿಕೆಯಲ್ಲಿ ಪೆನ್ಸಿಲ್ಲುಗಳ ಕಥೆ ನೋಡೋಣ. ಎಚ್‌ಬಿ ಎಂದರೇನು ಎಂದು ಮಗಳು ಆಗಲೇ ಕೇಳಿದ್ದಾಳೆ.